ಒಡಪು ಕೇಳುವ ಕಪ್ಪು ಪರದೆ

ಕಂಪ್ಯೂಟರಿನ ಕಪ್ಪು ಪರದೆಯೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಅದು ಬಣ್ಣ ಬಣ್ಣದ ಚಿತ್ರ ತೋರಿಸಿ ಮರುಳು ಮಾಡುವುದಿಲ್ಲ, ‘ನಿಮಗೆ ಹೇಗೆ ಸಹಾಯ ಮಾಡಲಿ’ ಎಂದು ಹಲ್ಲು ಕಿರಿಯುವುದಿಲ್ಲ. ಒಂದು ಸಾಲು ಬರೆದರೆ ಒಂದು ಕೆಲಸ ಮಾಡುತ್ತದೆ. ತಪ್ಪು ಬರೆದರೆ ತಪ್ಪು ಎಂದು ಮುಖದ ಮೇಲೆ ಹೇಳಿ ಸುಮ್ಮನಾಗುತ್ತದೆ. ನನ್ನ ಸ್ವಭಾವವೂ ಹಾಗೇ ಎಂದು ಮನೆಯಲ್ಲಿ ಹೇಳುತ್ತಾರೆ. ಹೊಗಳಿಕೆಯೋ ದೂರೋ ನಾನು ಕೇಳಲು ಹೋಗಿಲ್ಲ.

ಅದರ ಭಾಷೆಯೂ ನಮ್ಮ ಬೆಂಗಳೂರಿನವರ ಮಾತಿನಂತೆ ಅಕ್ಷರ ನುಂಗುವ ಭಾಷೆ. ನಾವು ‘ಬರುತ್ತೇನೆ’ ಎಂಬುದನ್ನು ‘ಬರ್ತೀನಿ’ ಮಾಡಿಕೊಂಡ ಹಾಗೆ, ಪಾಸ್‌ವರ್ಡ್ ಬದಲಾಯಿಸುವ ಆಜ್ಞೆಯಲ್ಲಿ ನಡುವಿನ ಎರಡು ಅಕ್ಷರ ಮಾಯವಾಗಿ passwd ಆಗಿದೆ. ಆ ಪಾಸ್‌ವರ್ಡಿಗೆ ಎಷ್ಟು ದಿನದ ಆಯಸ್ಸು ಎಂದು ಗೊತ್ತುಮಾಡುವುದು chage. ಖಾತೆಯಲ್ಲಿರುವ ಪೂರ್ತಿ ಹೆಸರನ್ನು ತಿದ್ದುವುದು chfn. ಅದನ್ನು ಬಾಯಲ್ಲಿ ಹೇಳಲು ಹೋದರೆ ಸೀನು ಬಂದಂತಾಗುತ್ತದೆ. ಈ ಮೂರು ಪುಟ್ಟ ಆಜ್ಞೆಗಳು ಒಬ್ಬ ಹೆಂಗಸಿನ ಬದುಕಿನೊಳಗೆ ಹೇಗೆ ಕಾಲಿಟ್ಟವು ಎಂಬುದನ್ನು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ವಾರವೆಲ್ಲ ನಾನು ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿ ಹುಡುಗರ ಜೊತೆ ಗಂಟಲು ಹರಿದುಕೊಳ್ಳುವವಳು. ಶನಿವಾರ ಮಾತ್ರ ಕೆಂಗೇರಿ ಉಪನಗರದ ಮನೆಯಿಂದ ಮೆಟ್ರೊ ಹಿಡಿದು ವಿಜಯನಗರಕ್ಕೆ ಹೋಗುತ್ತೇನೆ. ಅಲ್ಲಿ ಒಂದು ಹೋಟೆಲಿನ ಮೇಲಿನ ಮಹಡಿಯಲ್ಲಿ ಕಣ್ಣು ಕಾಣದ ಮಕ್ಕಳಿಗಾಗಿ ಕನ್ನಡ ಪಠ್ಯಪುಸ್ತಕಗಳನ್ನು ಟೈಪ್ ಮಾಡುವ ಒಂದು ಸಣ್ಣ ಟ್ರಸ್ಟಿದೆ. ಟೈಪಾದ ಪಾಠವನ್ನು ಯಂತ್ರ ಗಟ್ಟಿಯಾಗಿ ಓದಿ ಹೇಳುತ್ತದೆ, ಮಕ್ಕಳು ಕೇಳಿಕೊಂಡು ಕಲಿಯುತ್ತಾರೆ. ಪುಟವನ್ನು ಸುಮ್ಮನೆ ಸ್ಕ್ಯಾನ್ ಮಾಡಿದರೆ ಒತ್ತಕ್ಷರಗಳೆಲ್ಲ ಕಲಸುಮೇಲೋಗರವಾಗುವುದರಿಂದ ಕೈಯಲ್ಲೇ ಟೈಪ್ ಮಾಡಬೇಕು. ಮಾಡುವವರು ಹೆಚ್ಚಾಗಿ ನಿವೃತ್ತರು, ಗೃಹಿಣಿಯರು. ಯಾವುದೋ ಆಫೀಸು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿಕೊಟ್ಟವಳು ನಾನೇ. ಯಂತ್ರ ಹಚ್ಚಿದರೆ ಮೊದಲು ಕಪ್ಪು ಪರದೆ ಬರುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟ ಮೇಲೆಯೇ ಟೈಪ್ ಮಾಡುವ ಕಿಟಕಿ ತೆರೆಯುವುದು.

ಅವರಲ್ಲಿ ಒಬ್ಬರನ್ನು ನಾವೆಲ್ಲ ಗದಗಿನ ಅಮ್ಮ ಎನ್ನುತ್ತಿದ್ದೆವು. ಅರವತ್ತು ದಾಟಿದವರು. ಗಂಡ ತೀರಿಕೊಂಡ ಮೇಲೆ ಶ್ರೀಗಂಧದ ಕಾವಲಿನಲ್ಲಿರುವ ಮಗಳ ಮನೆಗೆ ಬಂದಿದ್ದರು. ದಿನಾ ಬೆಳಿಗ್ಗೆ ಮೊಮ್ಮಗಳನ್ನು ಶಾಲೆಯ ವ್ಯಾನು ಹತ್ತಿಸಿ, ಬಸ್ಸು ಹಿಡಿದು ಬಂದು, ಕಿಟಕಿಯ ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದರು. ಇಡೀ ಟೈಪಿಂಗ್ ಹಾಲಿನಲ್ಲಿ ಅವರಷ್ಟು ವೇಗವಾಗಿ ಟೈಪ್ ಮಾಡುವವರು ಇರಲಿಲ್ಲ. ಪಾಸ್‌ವರ್ಡ್ ಕೇಳುವ ಸಾಲು ಬಂದಾಗ ಮಾತ್ರ ಅವರು ಕೈ ಎತ್ತಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ಆಮೇಲೆ ಕೀಲಿಗಳನ್ನು ಒತ್ತುತ್ತಿದ್ದರು. ಸರಸ್ವತಿಗೆ ನಮಸ್ಕಾರ ಮಾಡುವ ಅವರ ಕಡೆಯ ರೀತಿ ಇರಬೇಕು ಎಂದುಕೊಂಡು, “ಅಮ್ಮಾ, ಒಂದು ಊದುಬತ್ತೀನೂ ಹಚ್ಚಿಬಿಡಿ” ಎಂದು ಒಮ್ಮೆ ರೇಗಿಸಿದ್ದೆ. ಅವರು ನಕ್ಕಿದ್ದರು.

ಹೀಗಿರುವಾಗ ನಮ್ಮ ಕಾರ್ಯದರ್ಶಿಗಳಿಗೆ, ದೊಡ್ಡ ಹುದ್ದೆಯಿಂದ ನಿವೃತ್ತರಾದ ಯಜಮಾನರಿಗೆ, ಪೇಪರಿನಲ್ಲಿ ಆನ್‌ಲೈನ್ ಮೋಸದ ಸುದ್ದಿ ಓದಿ ಓದಿ ತಲೆ ಕೆಟ್ಟಿತು. ಎಲ್ಲರೂ ಪಾಸ್‌ವರ್ಡ್ ಬದಲಾಯಿಸಬೇಕು, ಕೆಲವು ತಿಂಗಳಿಗೊಮ್ಮೆ ಬದಲಾಯಿಸುತ್ತಲೇ ಇರಬೇಕು ಎಂದು ಅಪ್ಪಣೆಯಾಯಿತು. ಪಠ್ಯಪುಸ್ತಕದ ‘ಸಸ್ಯಗಳ ಭಾಗಗಳು’ ಪಾಠವನ್ನು ಯಾವ ಕಳ್ಳ ಕದಿಯುತ್ತಾನೆ ಸಾರ್ ಎಂದು ಕೇಳಿದೆ. ಅವರಿಗೆ ನಗು ಬರಲಿಲ್ಲ. ಆದರೆ ಅವರ ಮಾತಿನಲ್ಲೂ ಅರ್ಥವಿತ್ತು ಬಿಡಿ. ನಮ್ಮವರು ಪಾಸ್‌ವರ್ಡನ್ನು ಮಾನಿಟರಿಗೆ ಅಂಟಿಸುವವರು, ಹಾಲಿನ ಆ ತುದಿಯಿಂದ ಈ ತುದಿಗೆ “ಮೇಡಂ, ನನ್ನ ಮನೆದೇವ್ರು ದೊಡ್ಡಕ್ಷರನೋ ಚಿಕ್ಕಕ್ಷರನೋ?” ಎಂದು ಕೂಗಿ ಕೇಳುವವರು. ಹಾಗಾಗಿ ನಾನು ಕೂತು ನಾಲ್ಕು ಸಾಲು ಬರೆದೆ. ಮುಂದಿನ ಸಲ ಒಳಗೆ ಬರುವವರಿಗೆಲ್ಲ ಹಳೆಯ ಪಾಸ್‌ವರ್ಡಿನ ಆಯಸ್ಸು ಮುಗಿದಿರಬೇಕು. ಹೊಸದು ಉದ್ದವಾಗಿರಬೇಕು. ಖಾತೆಯಲ್ಲಿರುವ ಅವರ ಸ್ವಂತ ಹೆಸರು ಅದರಲ್ಲಿ ಎಲ್ಲೂ ಬರಕೂಡದು.

ಆ ಶನಿವಾರ ನಮ್ಮ ಹಾಲ್ ಸಂತೆಯಾಗಿತ್ತು. ಒಬ್ಬೊಬ್ಬರನ್ನೇ ಸಮಾಧಾನ ಮಾಡಿ ದಾಟಿಸುತ್ತಾ ಬರುವಾಗ ಕಿಟಕಿಯ ಕಡೆಯಿಂದ ದನಿ ಬಂತು.

“ಮೇಡಂ, ಇದು ಒಲ್ಲೆ ಅನ್ನಾಕತ್ತೈತ್ರಿ.”

ಹೋಗಿ ನೋಡಿದೆ. ಹೊಸ ಪಾಸ್‌ವರ್ಡಿನಲ್ಲಿ ಬಳಕೆದಾರರ ಹೆಸರು ಯಾವುದೋ ರೂಪದಲ್ಲಿದೆ, ಆಗುವುದಿಲ್ಲ ಎಂದು ಪರದೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

“ನಿಮ್ಮ ಹೆಸರು ಹಾಕ್ಬೇಡಿ ಅಂತ ಹೇಳಿದ್ನಲ್ಲಮ್ಮಾ?”

“ನನ್ನ ಹೆಸರು ಹಾಕಿಲ್ರಿ.”

“ಹಾಕಿದೀರಾ ಅಂತ ಅದು ಹೇಳ್ತಾ ಇದೆ.”

“ಹಂಗಾರ ಅದು ಸುಳ್ಳು ಹೇಳತೈತಿ ಬಿಡ್ರಿ.”

ನನಗೆ ರೇಗಿತು. ಕಪ್ಪು ಪರದೆ ಸುಳ್ಳು ಹೇಳುತ್ತದೆಂದರೆ ನನಗೆ ತವರಿನವರನ್ನು ಬೈದಷ್ಟು ಸಿಟ್ಟು. “ಏನು ಹಾಕಿದ್ರಿ ಹೇಳಿ ನೋಡೋಣ” ಎಂದೆ.

“ಅದನ್ನ ಬಾಯ್ಲೆ ಹೇಳಾಕ ಬರಂಗಿಲ್ರಿ.”

ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂದು ಕಲಿಸಿದವಳೇ ನಾನು, ಅದನ್ನೇ ತಿರುಗಿಸಿ ಹೇಳುತ್ತಿದ್ದಾರೆ ಎಂದುಕೊಂಡೆ. ಪಕ್ಕಕ್ಕೆ ಸರಿಯಿರಿ ಎಂದು ಹೇಳಿ, ನನ್ನ ಅಧಿಕಾರದಿಂದ ಒಳಗೆ ಹೋಗಿ, ಅವರ ಖಾತೆಯ ವಿವರ ತೆಗೆದೆ. ಒಂದೇ ಸಾಲು. ಅದರ ನಡುವೆ ಅವರ ಪೂರ್ತಿ ಹೆಸರಿತ್ತು. ನಮ್ಮ ಕಡೆಯಾದರೆ ಹೆಸರಿನ ಜೊತೆ ಒಂದೆರಡು ಇನಿಶಿಯಲ್ ಸೇರಿಸಿಕೊಂಡರೆ ಮುಗಿಯಿತು. ಅವರ ಕಡೆ ಹಾಗಲ್ಲ. ಮೊದಲು ಅವರ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು, ನಡುವೆ ಪೂರ್ತಿಯಾಗಿ ಇನ್ನೊಂದು ಹೆಸರು. ಸೇರುವಾಗ ಅವರು ಬರೆದುಕೊಟ್ಟದ್ದನ್ನು ನಾನು ಹಾಗೆಯೇ ತುಂಬಿದ್ದೆ.

ನಡುವಿನ ಆ ಹೆಸರನ್ನು ಗಟ್ಟಿಯಾಗಿ ಓದಿ, “ಇದು ಯಾರ ಹೆಸರಮ್ಮ?” ಎಂದು ಕೇಳಿದೆ.

ಅವರ ಕೈ ತಾನಾಗಿ ಸೆರಗಿಗೆ ಹೋಯಿತು. ನೆಲ ನೋಡುತ್ತಾ, “ಈಗ ನೀವು ಅಂದ್ರಲ್ರಿ, ಅದು ಅವರದ” ಎಂದರು.

ಆಗ ಹೊಳೆಯಿತು. ನಿಧಾನಕ್ಕೆ ಹೊಳೆಯುವ ಬುದ್ಧಿ ನನ್ನದು. ಸೆರಗು ಸರಸ್ವತಿಗಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಆ ಹೆಂಗಸು, ಅದನ್ನು ಪಾಸ್‌ವರ್ಡ್ ಮಾಡಿಕೊಂಡು ದಿನಾ ಬೆರಳಲ್ಲಿ ಹೇಳುತ್ತಿದ್ದರು. ಹಳೆಯದೇ ಬೇಡವೆಂದು ಯಂತ್ರ ಹೇಳಿದ್ದಕ್ಕೆ ಅದೇ ಹೆಸರಿನ ಮುಂದೆ ಏನೇನೋ ಸೇರಿಸಿ ನೋಡಿದ್ದಾರೆ. ಯಂತ್ರವೂ ಸುಳ್ಳು ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆ ಹೆಸರು ಅವರ ಹೆಸರಿನೊಳಗೇ ಕೂತಿತ್ತು.

ಇಷ್ಟೇನಾ ಎನ್ನಿಸಿತು ನನಗೆ. chfn ಎಂದು ಬರೆದು, ನಡುವಿನ ಹೆಸರು ಬಿಟ್ಟು ಉಳಿದೆರಡನ್ನು ತುಂಬಿದೆ. ಎಂಟರ್ ಒತ್ತುವುದೊಂದು ಬಾಕಿ. ಅಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದರು.

“ಏನ್ ಮಾಡಾಕತ್ತೀರಿ?”

“ಪೂರ್ತಿ ಹೆಸರಿಂದ ಆ ನಡುವಿಂದು ತೆಗೀತೀನಿ. ಆಮೇಲೆ ನೀವು ಹಾಕಿದ್ದನ್ನ ಅದು ಒಪ್ಕೊಳತ್ತೆ.”

“ತೆಗೀಬ್ಯಾಡ್ರಿ.” ದನಿ ಸಣ್ಣದಾಗಿತ್ತು, ಹಿಡಿತ ಸಣ್ಣದಾಗಿರಲಿಲ್ಲ. “ಗ್ಯಾಸಿನ ಬುಕ್ಕಿನ್ಯಾಗ ತೆಗದ್ರು. ರೇಷನ್ ಕಾರ್ಡಿನ್ಯಾಗ ತೆಗದ್ರು. ಕರೆಂಟ್ ಬಿಲ್ಲಿನ್ಯಾಗ ತೆಗದ್ರು. ಇನ್ನ ನನ್ನ ಹೆಸರಿನ್ಯಾಗಿಂದೂ ತೆಗೀತೀರೇನು?”

ನಾನು ಆ ಇಡೀ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ.

ಅವರು ಬ್ಯಾಗು ತೆಗೆದುಕೊಂಡು ಎದ್ದರು. “ಬ್ಯಾರೆ ಏನೂ ಹಾಕಾಕ ನನಗ ಮನಸ್ಸಿಲ್ರಿ. ನನ್ನ ಪಾಠ ಯಾರಿಗರ ಕೊಟ್ಟುಬಿಡ್ರಿ” ಎಂದರು. ದೂರದಿಂದ ಕಾರ್ಯದರ್ಶಿಗಳು, “ರೂಲ್ಸು ಎಲ್ರಿಗೂ ಒಂದೇ ಅಲ್ವೇನಮ್ಮಾ” ಎಂದದ್ದು ಅವರಿಗೂ ಕೇಳಿಸಿರಬೇಕು. ಅವರು ಮೆಟ್ಟಿಲಿಳಿದೇಬಿಟ್ಟರು.

ಹಾಲಿನಲ್ಲಿ ಇನ್ನೂ ಅರ್ಧ ಜನ ಪಾಸ್‌ವರ್ಡ್ ಬದಲಾಗದೆ ಕಾಯುತ್ತಿದ್ದರು. ಬರ್ತೀನಿ ಎಂದು ಹೇಳಿ ನಾನೂ ಇಳಿದೆ. ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಈಕೆ ಹೋದರೆ ಒಬ್ಬ ಒಳ್ಳೆಯ ಟೈಪಿಸ್ಟ್ ಹೋದರು ಎಂಬುದಲ್ಲ. ಈಕೆ ಗಂಡನನ್ನು ಕರೆಯುತ್ತಿದ್ದ ಏಕೈಕ ಜಾಗ ನಮ್ಮ ಆ ಹಳೆಯ ಯಂತ್ರವಾಗಿತ್ತು, ಅದರ ಬಾಗಿಲನ್ನು ನಾನೇ ನಾಲ್ಕು ಸಾಲು ಬರೆದು ಮುಚ್ಚಿದ್ದೆ.

ಕೆಳಗಿನ ಹೋಟೆಲಿನ ಮುಂದೆ ಅವರನ್ನು ಹೇಗೋ ಹಿಡಿದು ನಿಲ್ಲಿಸಿದೆ. ಇಬ್ಬರಿಗೂ ಕಾಫಿ ಹೇಳಿದೆ. ನಿಂತು ಕುಡಿಯುವ ಹೋಟೆಲು; ಬಿಸಿ ಲೋಟವನ್ನು ಅವರು ಸೆರಗಿನ ತುದಿಯಲ್ಲಿ ಹಿಡಿದುಕೊಂಡರು.

“ನಾನು ಮನಸ್ಸು ಮಾಡಿದ್ರೆ ಆ ಯಂತ್ರದ ಬಾಯಿ ಮುಚ್ಚಿಸಿ ನಿಮ್ಮದನ್ನೇ ಹಾಕ್ಕೊಡ್ಬಹುದು ಅಮ್ಮ. ಯಾರಿಗೂ ಗೊತ್ತಾಗಲ್ಲ” ಎಂದೆ.

“ಬ್ಯಾಡ್ರಿ. ಎಲ್ಲಾರಿಗೂ ಒಂದು, ನನಗೊಂದು ಅಂದ್ರ ಚೊಲೊ ಅನಿಸಂಗಿಲ್ಲ.” ಆಮೇಲೆ ತಾವಾಗಿಯೇ ಹೇಳತೊಡಗಿದರು. “ಟೈಪಿಂಗ್ ಕ್ಲಾಸಿಗೆ ಹಚ್ಚಿದವ್ರು ಅವರ ನೋಡ್ರಿ. ಮದುವಿ ಆಗಿ ಬಂದ ಹೊಸದಾಗಿ. ಮಾಸ್ತರು ಯಾವುದರ ಒಂದು ಹೆಸರು ಹೊಡದು ಬೆರಳ ರೂಢಿ ಮಾಡ್ಕೊಳ್ರಿ ಅಂದ್ರು. ನನ್ನ ಬೆರಳಿಗೆ ಬಂದಿದ್ದು ಅದೊಂದ ಹೆಸರು. ಹಾಳಿ ತುಂಬ ಹೊಡದು, ಮನಿಗೆ ಬರೂಕಿಂತ ಮೊದಲ ಹರದು ಒಗೀತಿದ್ದೆ. ಯಾರರ ನೋಡಿದ್ರ ಏನಂದಾರು ಅಂತ. ಇಲ್ಲಿ ಹರಿಯೂ ಕೆಲಸನ ಇಲ್ಲ. ಪಾಸ್‌ವರ್ಡ್ ಹೊಡದ್ರ ಪರದಿ ಮ್ಯಾಲ ಒಂದು ಚುಕ್ಕಿನೂ ಕಾಣಂಗಿಲ್ಲ. ನನಗಂತನ ಮಾಡ್ಯಾರ ಅನಿಸ್ತು.”

“ಬಾಯಲ್ಲಿ ಒಂದು ಸಲಾನೂ ಹೇಳಿಲ್ವಾ? ಇಷ್ಟು ವರ್ಷದಲ್ಲಿ?”

“ಹೇಳೀನಲ್ರಿ! ಒಡಪು ಹಾಕಿ ಹೇಳೀನಿ.” ಮೊದಲ ಸಲ ಅವರ ಮುಖ ಅರಳಿತು. “ಒಡಪಿನ್ಯಾಗ ಹೇಳಾಕ ಬರತೈತಿ. ಅದಕ್ಕ ತಪ್ಪಿಲ್ಲ.”

ಒಡಪು ಎಂದರೇನೆಂದು ನನಗೆ ಅಷ್ಟಾಗಿ ಗೊತ್ತಿರಲಿಲ್ಲ, ಅವರೇ ತಿಳಿಸಿದರು. ಹೊಸ ಸೊಸೆ ಹೊಸಿಲ ಮುಂದೆ ನಿಂತಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುತ್ತಾರೆ. ಬರಿದೇ ಹೆಸರು ಹೇಳುವಂತಿಲ್ಲ. ಪ್ರಾಸ ಹಚ್ಚಿ ಒಂದೆರಡು ಸಾಲು ಕಟ್ಟಿ, ಕೊನೆಗೆ ಆ ಹೆಸರು ತಂದು ಕೂರಿಸಬೇಕು. ಸೀಮಂತ, ನಾಮಕರಣ, ಯಾರದೇ ಮನೆಯ ಮದುವೆ, ಹೆಂಗಸರು ಕೂಡಿದಲ್ಲೆಲ್ಲ ಒಡಪು ಹಾಕು ಎಂದು ಕಾಡುತ್ತಾರೆ. ಇವರು ಅವರಿವರು ಹೇಳಿಕೊಟ್ಟದ್ದನ್ನು ಬಿಟ್ಟು ತಾವೇ ಕಟ್ಟುತ್ತಿದ್ದರಂತೆ. ಮೊದಲ ದಿನ ಹೊಸಿಲಲ್ಲಿ ಹೇಳಿದ ಒಡಪಿಗೆ ಒಳಗೆ ಕೂತಿದ್ದ ಮದುಮಗನೇ ಜೋರಾಗಿ ನಕ್ಕುಬಿಟ್ಟರಂತೆ.

“ಈಗ ಯಾರೂ ಕೇಳಂಗಿಲ್ರಿ” ಎಂದರು. “ಅವರು ಹ್ವಾದ ಮ್ಯಾಲ ಒಡಪು ಹಾಕು ಅಂತ ನನ್ನ ಯಾರು ಕೇಳ್ತಾರ? ಮೊನ್ನಿ ತಂಗಿ ಮಗಳ ಮದುವ್ಯಾಗ ಎಲ್ಲಾರೂ ಸಾಲು ಕೂತು ಹೇಳಿದ್ರು. ನನ್ನ ಕಡೆ ಬಂದಾಗ ದಾಟಿಸಿಬಿಟ್ರು.”

ನನ್ನ ಕಣ್ಣು ತುಂಬಿತು. ಕಾಫಿ ಬಿಸಿಯೆಂದು ನೆಪ ಮಾಡಿಕೊಂಡು ರಸ್ತೆಯ ಕಡೆ ತಿರುಗಿದೆ. ಅತ್ತಲೇ ನೋಡುತ್ತಿರುವಾಗ ಬೆಳಿಗ್ಗೆಯಿಂದ ಎಲ್ಲರಿಗೂ ನಾನು ಒದರುತ್ತಿದ್ದ ಮಾತು ನೆನಪಾಯಿತು: ಉದ್ದವಾಗಿರಬೇಕು, ನಿಮಗೆ ಮಾತ್ರ ಗೊತ್ತಿರುವ ಸಾಲಾಗಿರಬೇಕು, ಮರೆಯುವಂತಿರಬಾರದು.

“ಅಮ್ಮಾ, ಹೊಸಿಲಲ್ಲಿ ಹೇಳಿದ ಒಡಪು ನೆನಪಿದ್ಯಾ?”

“ಅದು ಮರಿಯೂ ಮಾತೇನ್ರಿ?”

“ಅದನ್ನೇ ಹಾಕ್ಬಿಡಿ.”

ಅವರು ನನ್ನನ್ನೇ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು. “ಕೊನಿಗೆ ಅವರ ಹೆಸರು ಬರತೈತಿ. ಅದು ಮತ್ತ ಒಲ್ಲೆ ಅಂತೈತಿ.”

ಅದು ನಿಜವಾಗಿತ್ತು. ನನ್ನ ಉತ್ಸಾಹ ಅಲ್ಲಿಗೇ ತಣ್ಣಗಾಯಿತು. ಅವರು ಮಾತ್ರ ಖಾಲಿ ಲೋಟ ಹಿಡಿದು, ತುಟಿಯನ್ನಷ್ಟೇ ಆಡಿಸುತ್ತಾ ಏನೋ ಅಂದುಕೊಳ್ಳುತ್ತಿದ್ದರು. ಎಡಗೈಯ ಬೆರಳುಗಳು ಹೋಟೆಲಿನ ಮೇಜಿನ ಮೇಲೆ ಟೈಪ್ ಮಾಡುತ್ತಿದ್ದವು. ಕೊನೆಗೆ ನನ್ನ ಕಡೆ ತಿರುಗಿ, “ಹೆಸರಿನ ತನಕಾ ಬಂದು ನಿಲ್ಲಿಸಿದ್ರ ಆಗೂದಿಲ್ಲೇನ್ರಿ?” ಎಂದು ಕೇಳಿದರು.

“ಅದಕ್ಕಾಗತ್ತೆ. ಆದ್ರೆ ಹೆಸರಿಲ್ದೆ ಅದು ಒಡಪು ಹೇಗಾಗತ್ತೆ?”

“ನಡೀರಿ ಮ್ಯಾಲ” ಎಂದರು.

ಮತ್ತೆ ಕಿಟಕಿಯ ಪಕ್ಕ ಕೂತರು. ನಿಯಮ ನಿಯಮವೇ, ನಾನು ಬೆನ್ನು ತಿರುಗಿಸಿ ನಿಂತೆ. ಸೆರಗು ಸರಿಪಡಿಸಿಕೊಂಡ ಬಳೆಯ ಸದ್ದು, ಆಮೇಲೆ ಕೀಲಿಗಳ ಸದ್ದು. ಮೊದಲಿನ ಆ ಒಂದು ಚಿಟಿಕೆಯಷ್ಟು ಹೆಸರಲ್ಲ, ಉದ್ದಕ್ಕೆ ಓಡಿತು. ನಡುವೆ ಒಂದು ಕಡೆ ನಿಂತು ಮತ್ತೆ ಎತ್ತಿಕೊಂಡಿತು. ಮೊದಲ ಸಾಲು ಮುಗಿದು ಪ್ರಾಸದ ಸಾಲು ಶುರುವಾಯಿತೆಂದು ನನಗೂ ತಿಳಿಯಿತು. ಇನ್ನೊಮ್ಮೆ ಅದನ್ನೇ ಕೊಡಿ ಎಂದು ಪರದೆ ಕೇಳಿರಬೇಕು, ಅದೇ ಲಯ ಮತ್ತೆ ಓಡಿತು. ನಾನು ತಿರುಗಿದಾಗ ಪಾಸ್‌ವರ್ಡ್ ಬದಲಾಯಿತು ಎಂಬ ಒಂದು ಒಣ ಸಾಲು ಪರದೆಯ ಮೇಲಿತ್ತು. ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಒಡಪಿನ ಕೊನೆಯ ತುಂಡನ್ನು, ಆ ಹೆಸರನ್ನು, ಅವರು ಬಾಯಲ್ಲಿ ಹೇಳಿದರೋ ಇಲ್ಲವೋ, ನನಗೆ ಕೇಳಿಸಲಿಲ್ಲ.

ಅಂದು ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ನನ್ನ ಗಂಡನನ್ನು ಹೆಸರು ಹಿಡಿದು ಕೂಗಿದೆ. ನಾವು ಓದುವಾಗಿನಿಂದ ಗೊತ್ತಿದ್ದವರು, ಆ ಹೆಸರನ್ನು ನಾನು ದಿನಕ್ಕೆಷ್ಟು ಸಲ ಒದರುತ್ತೇನೋ ಲೆಕ್ಕವಿಲ್ಲ. ಹೆಚ್ಚಿನ ಸಲ ಒದ್ದೆ ಟವೆಲು ಮಂಚದ ಮೇಲಿದ್ದಾಗ. ಅವನು ಅಡುಗೆಮನೆಯಿಂದ, “ಏನಾಯ್ತೇ? ಏನ್ ಮಾಡ್ದೆ ನಾನು?” ಎಂದು ಓಡಿ ಬಂದ. ಏನಿಲ್ಲ, ಸುಮ್ಮನೆ ಕರೆದೆ ಎಂದೆ. ಅವನಿಗೆ ರಾತ್ರಿಯ ಊಟದವರೆಗೂ ಅನುಮಾನ ಹೋಗಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಗದಗಿನ ಅಮ್ಮ ಒಂದು ದಿನವೂ ತಪ್ಪಿಸಲಿಲ್ಲ. ವಿಜ್ಞಾನದ ಪುಸ್ತಕ ಮುಗಿಸಿ ಸಮಾಜಕ್ಕೆ ಕೈ ಹಾಕಿದರು. ಎಂಟರ್ ಒತ್ತಿದ ಮೇಲೆ ಅವರ ತುಟಿ ಒಂದಿಷ್ಟು ಅಲುಗುವುದನ್ನು ನಾನು ದೂರದಿಂದ ನೋಡುತ್ತಿದ್ದೆ. ದಿನ ಕಳೆದ ಹಾಗೆ ಅದು ಪಿಸುಮಾತಾಯಿತು. ಪಕ್ಕದ ಯಂತ್ರದವರು ಏನೋ ಮಂತ್ರ ಹೇಳಿಕೊಳ್ಳುತ್ತಾರೆ ಎಂದುಕೊಂಡಿದ್ದರು.

ಹಾಗೆ ಒಂದು ಶನಿವಾರ ಹೋದಾಗ, ಪಾಸ್‌ವರ್ಡಿನ ಆಯಸ್ಸು ಮುಗಿಯುತ್ತ ಬಂತು ಎಂಬ ಎಚ್ಚರಿಕೆ ಎಲ್ಲರ ಪರದೆಯ ಮೇಲೂ ಬರತೊಡಗಿತ್ತು. ನನಗೆ ಮೊದಲು ನೆನಪಾದದ್ದು ಅವರೇ. ಕಾರ್ಯದರ್ಶಿಗಳ ಜೊತೆ ಜಗಳವಾದರೂ ಸರಿ ಎಂದು ಗಟ್ಟಿ ಮನಸ್ಸು ಮಾಡಿ ಅವರ ಹತ್ತಿರ ಹೋದೆ.

“ಅಮ್ಮಾ, ನಿಮ್ಮ ಖಾತೆಗೆ ಮಾತ್ರ ಆಯಸ್ಸಿನ ಲೆಕ್ಕ ತೆಗೆದುಹಾಕ್ತೀನಿ. ಒಂದೇ ಸಾಲಿನ ಕೆಲಸ. ನಿಮ್ಮ ಒಡಪು ಹಾಗೇ ಇರ್ಲಿ, ಬದಲಾಯಿಸೋದು ಬೇಡ.”

“ಬ್ಯಾಡ ಬ್ಯಾಡ, ಏನೂ ತೆಗೀಬ್ಯಾಡ ತಂಗಿ.” ನಾನು ಮೇಡಂನಿಂದ ತಂಗಿಯಾಗಿ ಎಷ್ಟು ದಿನವಾಗಿತ್ತೋ, ಅವತ್ತೇ ಗಮನಿಸಿದ್ದು. “ಇನ್ನೊಂದು ಕಟ್ಟಿಟ್ಟೀನಿ. ಹೋದ ವಾರದಿಂದ ಬಸ್ಸಿನ್ಯಾಗ ಕೂತು ಅದನ್ನ ಮಾಡಾಕತ್ತೇನಿ. ಈ ಸಲ ಬೆಂಗಳೂರ ಬರತೈತಿ ಅದ್ರಾಗ. ನಮ್ಮ ಮೆಟ್ರೊನೂ ಬರತೈತಿ.” ಮುಖದಲ್ಲಿ ತುಂಟತನವಿತ್ತು. “ಅವರು ಮೆಟ್ರೊ ನೋಡಿದ್ದಿಲ್ಲ.”

“ಹಾಗಾದ್ರೆ ಮತ್ತೆ ಕೆಲವು ತಿಂಗಳಿಗೆ ಇನ್ನೊಂದು ಕಟ್ಟಬೇಕಾಗತ್ತೆ.”

“ಕಟ್ಟೂಣು. ಯಾರೂ ಕೇಳಂಗಿಲ್ಲ ಅಂತಿದ್ನಲ್ಲ, ಇದು ದಿನಾ ಕೇಳತೈತಿ ನೋಡು.”

ಸೆರಗು ತಲೆಯ ಮೇಲೆ ಬಂತು. ನಾನು ಬೆನ್ನು ತಿರುಗಿಸಿದೆ. ಹೊಸ ಲಯ, ಹಳೆಯದಕ್ಕಿಂತ ಚುರುಕು. ಎರಡು ಸಲ ಓಡಿ, ಎಂಟರ್ ಬಿದ್ದಿತು. ಆಮೇಲೆ ನನ್ನ ಬೆನ್ನ ಹಿಂದೆ ಆ ಹೆಸರು ಕೇಳಿಸಿತು. ಪಿಸುಮಾತಲ್ಲ; ಮನೆಯ ಒಳಗಿರುವವರನ್ನು ಪಡಸಾಲೆಯಲ್ಲಿ ನಿಂತು ಕರೆಯುವಷ್ಟು ದನಿ. ಅವರ ಖಾತೆಯ ಸಾಲಿನ ನಡುವೆ ಕೂತಿರುವ ಆ ಹೆಸರನ್ನು ಇಲ್ಲಿ ಬರೆಯುವ ಅಧಿಕಾರ ನನಗಿಲ್ಲ.

ಆಚೆ ಮೇಜಿನಲ್ಲಿದ್ದ ಕಾರ್ಯದರ್ಶಿಗಳು ಕನ್ನಡಕ ಎತ್ತಿ ಬಾಗಿಲ ಕಡೆ ನೋಡಿದರು. “ಯಾರನ್ನಮ್ಮಾ ಕರೆದ್ರಿ? ಯಾರಾದ್ರೂ ಬಂದ್ರಾ?”

“ನಮ್ಮ ಮನಿಯವ್ರನ್ನ ಕರದೆ ಬಿಡ್ರಿ” ಎಂದು ಹೇಳಿ, ಅವರು ಪಾಠ ತೆರೆದು ಟೈಪ್ ಮಾಡಲು ಶುರುಮಾಡಿದರು.